ಹಿಡಿ ತವುಡಿನ ಮಗು

ನರಿನ್ ಊರಿನ ಹೊಳೆಯಾಚೆಯ ಬೀದಿಯಲ್ಲಿ ಉಮ್ಸುನಾಯಳ ವಿಷಯವಾಗಿ ನಾಲ್ಕು ಕಥೆಗಳು ಬಳಕೆಯಲ್ಲಿವೆ. ಹೇಳುವವರೆಲ್ಲ ಕಣ್ಣಾರೆ ಕಂಡಂತೆಯೇ ಹೇಳುತ್ತಾರೆ. ಆಕೆಗೆ ಏಡ್ಸ್ ಬಂದಿತ್ತು ಎಂಬುದು ಮೊದಲನೆಯದು. ಯಾವುದೋ ಬೇರನ್ನು ಅರೆದು ಕುಡಿದು ಅದನ್ನು ವಾಸಿಮಾಡಿಕೊಂಡಳು, ಬೇರಿನ ಗುಟ್ಟನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ ಎಂಬುದು ಎರಡನೆಯದು. ಸಾವು ಆಕೆಯ ಬಾಗಿಲವರೆಗೆ ಬಂದು, ಮನೆಯ ಗುರುತು ಸಿಗದೆ ಹಿಂತಿರುಗಿತು ಎಂಬುದು ಮೂರನೆಯದು. ನಾಲ್ಕನೆಯ ಕಥೆ ಹುಟ್ಟಿದ್ದು ತಾಜಿಬೂಬುವಿನ ಮನೆಯ ಔತಣದಲ್ಲಿ, ನೆರೆದ ಹೆಂಗಸರೆಲ್ಲರ ಎದುರಿಗೆ. ಅದನ್ನು ಹುಟ್ಟಿಸಿದವಳು ಸ್ವತಃ ಉಮ್ಸುನಾಯಳೇ.

ಆಕೆ ಮೊದಲು ಊರಿನ ರೊಟ್ಟಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಆಕೆಯ ತಮ್ಮ ಎಚ್‌ಐವಿಯಿಂದ ತೀರಿಕೊಂಡಾಗ ಹೆಣ ತೊಳೆಯಲು ಬೀದಿಯ ಒಬ್ಬ ಗಂಡಸೂ ಬರಲಿಲ್ಲ. ಎಪ್ಪತ್ತೆರಡು ವರ್ಷದ ತಂದೆ ಒಬ್ಬನೇ ತೊಳೆದ. ಮರು ತಿಂಗಳೇ ಆಕೆ ಕಾರ್ಖಾನೆಯ ಕೆಲಸ ಬಿಟ್ಟು ಏಡ್ಸ್ ಕೇಂದ್ರ ಸೇರಿದಳು. ಅಂದಿನಿಂದ ಹದಿನಾಲ್ಕು ವರ್ಷ ಮನೆಮನೆಗೆ ಹೋಗಿ ಒಂದೇ ಮಾತನ್ನು ಹೇಳಿದಳು: ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಔಷಧ ಇದೆ, ಒಂದೇ ಬಟ್ಟಲಲ್ಲಿ ಕುಡಿದರೆ ಅಂಟುವುದಿಲ್ಲ. ಮನೆಯವರು ಪೂರ್ತಿ ಕೇಳಿ, ತಲೆಯಾಡಿಸಿ, ರೊಟ್ಟಿ ಮುಂದಿಡುತ್ತಿದ್ದರು. ಹೊಸ್ತಿಲಿಗೆ ಬಂದವರು ಒಂದು ಚೂರು ರೊಟ್ಟಿಯನ್ನಾದರೂ ಮುರಿದು ಬಾಯಿಗೆ ಹಾಕಿಕೊಳ್ಳದೆ ಹೋಗುವಂತಿಲ್ಲ. ಹೀಗೆ ದಿನಕ್ಕೆ ಇಪ್ಪತ್ತು ಮನೆಯ ರೊಟ್ಟಿ ಆಕೆಯ ಹೊಟ್ಟೆ ಸೇರುತ್ತಿತ್ತು. ಆಕೆಯ ಮಾತು ಇಪ್ಪತ್ತರಲ್ಲಿ ಒಬ್ಬರ ಕಿವಿಯನ್ನೂ ಸೇರುತ್ತಿರಲಿಲ್ಲ.

ಆಮೇಲೆ ಆಕೆಗೆ ಸ್ತನದ ಕ್ಯಾನ್ಸರ್ ಬಂತು. ರಾಜಧಾನಿ ಬಿಷ್ಕೆಕ್‌ನಲ್ಲಿ ಎಡಮೊಲೆಯನ್ನು ತೆಗೆದರು. ಅನಂತರ ಎಂಟು ಸಲ, ಮೂರು ವಾರಕ್ಕೊಮ್ಮೆ, ದೊಲೊನ್ ಕಣಿವೆ ದಾಟಿ ವ್ಯಾನಿನಲ್ಲಿ ಹೋಗಿ ನರಕ್ಕೆ ಔಷಧ ಹತ್ತಿಸಿಕೊಂಡು, ಚಾಲಕನ ಪಕ್ಕದ ಸೀಟಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ವಾಂತಿ ಮಾಡಿಕೊಳ್ಳುತ್ತ ಹಿಂತಿರುಗಿದಳು. ಕೂದಲು ಉದುರಿತು. ಎಚ್‌ಐವಿ ಎಂದು ಅಷ್ಟು ವರ್ಷ ಮಾತಾಡಿದವಳಿಗೆ ಮತ್ತಾವ ರೋಗ ಬಂದೀತು ಎಂದು ಬೀದಿ ತೀರ್ಮಾನಿಸಿತು. ಕ್ಯಾನ್ಸರ್ ಎಂದು ಹೇಳಿದರೆ, ಹೌದೌದು, ಪಾಪ, ಹಾಗೆಯೇ ಹೇಳಿಕೋ ಎಂಬಂತೆ ನೋಡುತ್ತಿದ್ದರು. ರೊಟ್ಟಿ ನಿಂತುಹೋಯಿತು. ಯಾವ ಯಾವ ಮನೆಯಲ್ಲಿ ನಿಂತಿತೆಂಬುದು ಆಕೆಗೆ ಬಾಯಿಪಾಠವಾಗಿತ್ತು. ಆರು ವರ್ಷ ಕಳೆದು, ಆಕೆ ಬದುಕಿದಳು ಎಂಬುದು ಖಚಿತವಾದ ಮೇಲೂ ಅದೇ ಜನ ಬಂದು ಬೇರಿನ ಹೆಸರನ್ನು ಕೇಳಿದರೇ ಹೊರತು ರಕ್ತ ಪರೀಕ್ಷೆಯ ವಿಷಯ ಎತ್ತಲಿಲ್ಲ.

ಇಂಥವಳ ತಲೆಯ ಮೇಲೆ ಆ ಚಳಿಗಾಲದಲ್ಲಿ ಅನಾರಾಳ ಹೊಟ್ಟೆಯ ಭಾರವೂ ಬಿತ್ತು. ಅನಾರಾ ತಾಜಿಬೂಬುವಿನ ಸೊಸೆ. ಹಿಂದಿನ ಹೆಣ್ಣುಮಗು ನಾಲ್ಕು ತಿಂಗಳಿಗೆ ಶ್ವಾಸಕೋಶದ ಜ್ವರದಿಂದ ತೀರಿಕೊಂಡಿತ್ತು. ಎರಡನೆಯ ಬಸಿರಿನ ಮೂರನೇ ತಿಂಗಳಲ್ಲಿ ರಕ್ತದಲ್ಲಿ ಎಚ್‌ಐವಿ ಕಂಡಿತು. ಗಂಡ ತಾಲಾಯನ ರಕ್ತದಲ್ಲಿಯೂ ಕಂಡಿತು. ಮಾತ್ರೆಗಳು ವಿಟಮಿನ್ ಡಬ್ಬಿಯೊಳಗೆ ಕುಳಿತವು. ಅತ್ತೆಗೆ ಯಾರೂ ಹೇಳಲಿಲ್ಲ. ಮಗು ಹುಟ್ಟಿದ ಮೇಲೆ ದಿನಕ್ಕೆರಡು ಸಲ ಔಷಧ ಹಾಕಿ, ತಾಯಿಯ ಹಾಲನ್ನು ಕೊಡದಿದ್ದರೆ ಮಗು ಪಾರಾಗುತ್ತದೆ ಎಂದು ಕೇಂದ್ರದ ವೈದ್ಯೆ ಹೇಳಿ ಒಂದು ಕಾಗದ ಕೊಟ್ಟಿದ್ದಳು. ಸೊಸೆ ಮಗುವಿಗೆ ಮೊಲೆ ಕೊಡದೆ ತಾಜಿಬೂಬುವಿನ ಸೂರಿನಡಿ ಎರಡು ದಿನ ಕಳೆಯುವುದು ಹೇಗೆಂದು ಆ ಕಾಗದದಲ್ಲಿ ಬರೆದಿರಲಿಲ್ಲ.

"ನೀನೇ ಹೇಳ್ಬಿಡು ಅನಾರಾ," ಎಂದಳು ಉಮ್ಸುನಾಯ್, ಕೇಂದ್ರದ ಹಿಂಬಾಗಿಲಲ್ಲಿ ನಿಂತು. ಹೆರಿಗೆಗೆ ಇನ್ನು ಮೂರು ವಾರವಿತ್ತು.

"ಹೇಳಿದ್ರೆ ನನ್ನನ್ನ ತವರಿಗೆ ಅಟ್ತಾರೆ ಅಕ್ಕಾ. ಮಗೂನ ಇಟ್ಕೋತಾರೆ."

"ತಾಲಾಯ್ ಏನಂದ?"

"ಲಾರಿ ಕೆಳಗೆ ಮಲಗಿ ಬೋಲ್ಟ್ ಬಿಗೀತಿದ್ರು. ಅಲ್ಲಿಂದ್ಲೇ 'ನೋಡೋಣ' ಅಂದ್ರು."

"ಆರು ತಿಂಗಳಿಂದ ನೋಡ್ತಾನೇ ಇದಾನೆ. ಆ ಲಾರಿಗೆ ಅಷ್ಟೊಂದು ಬೋಲ್ಟ್ ಎಲ್ಲಿಂದ ಬಂದ್ವು ಅಂತ."

ಅನಾರಾ ನಗಲಿಲ್ಲ. ಉಮ್ಸುನಾಯಳಿಗೂ ನಗು ಬೇಕಿರಲಿಲ್ಲ. ಆಕೆಗೆ ಬೇಕಿದ್ದುದು ನಲವತ್ತು ದಿನ. ಅಷ್ಟು ದಿನ ಮಗುವಿಗೂ ಆ ಎದೆಗೂ ನಡುವೆ ಯಾರಾದರೂ ನಿಂತರೆ ಹಾಲು ತಾನಾಗಿಯೇ ಬತ್ತಿಹೋಗುತ್ತಿತ್ತು.

ಮರುದಿನ ಮಧ್ಯಾಹ್ನ ತಾಜಿಬೂಬು ನಾಲ್ಕು ಮಹಡಿ ಹತ್ತಿ ಉಮ್ಸುನಾಯಳ ಬಾಗಿಲು ತಟ್ಟಿದಳು. ಮೂವತ್ತು ವರ್ಷ ಶಾಲೆಯ ಊಟದ ಮನೆಯನ್ನು ಆಳಿದ ಹೆಂಗಸು. ಈಗಲೂ ಯಾರ ಮನೆಗೆ ಹೋದರೂ ಮೊದಲು ಒಲೆಯ ಕಡೆ ನೋಡುತ್ತಿದ್ದಳು.

"ಈ ಮೆಟ್ಲು ಹತ್ತೋ ಮನೇಲಿ ಯಾಕಿದೀಯೇ ನೀನು."

"ನೀವು ಬರ್ತೀರ ಅಂತ ಗೊತ್ತಿದ್ರೆ ಕೆಳಗಡೆ ಮನೆ ಹಿಡೀತಿದ್ದೆ. ಕೂತ್ಕೊಳ್ಳಿ ತಾಜಿಬೂಬು ಅಕ್ಕ. ಟೀ, ರೊಟ್ಟಿ?"

"ಹೊಟ್ಟೆ ತುಂಬಿದೆ."

"ಆರು ವರ್ಷದಿಂದ ತುಂಬೇ ಇದೆ ನಿಮ್ಮ ಹೊಟ್ಟೆ."

ತಾಜಿಬೂಬು ಅದನ್ನು ಕೇಳಿಸಿಕೊಳ್ಳಲಿಲ್ಲ. "ಹೋದ ಸಲದ ಕೂಸು ಹೇಗೆ ಹೋಯ್ತು ಅಂತ ನಿನಗೆ ಗೊತ್ತು. ಈ ಸಲದ್ದು ಉಳೀಬೇಕು. ನೀನು ಕೊಂಡ್ಕೋ."

ಹಸುಗೂಸು ಸತ್ತ ಮನೆಯಲ್ಲಿ ಮುಂದಿನ ಕೂಸನ್ನು ಅದೃಷ್ಟವಂತೆಯಾದ ಹೆಂಗಸಿಗೆ ಮಾರುವುದು ಆ ಕಡೆಯ ಪದ್ಧತಿ. ಬಾಗಿಲಿಂದ ಕೊಡದೆ ಕಿಟಕಿಯಿಂದ ಕೊಡುತ್ತಾರೆ. ಬೆಲೆ ಒಂದು ಹಿಡಿ ತವುಡು, ಅದೂ ನಾಯಿಗೆ ಹಾಕುವ ತವುಡು. ಇಷ್ಟು ಅಗ್ಗಕ್ಕೆ ಹೋದ ಕೂಸನ್ನು ಸಾವು ತಿರುಗಿಯೂ ನೋಡುವುದಿಲ್ಲ. ಮೂರು ದಿನ ಬಿಟ್ಟು ಅದೇ ತವುಡಿನ ಬೆಲೆಗೆ ಮರಳಿ ಕೊಂಡುಕೊಳ್ಳುತ್ತಾರೆ.

"ನಾನು ಹೆತ್ತವಳೇ ಅಲ್ಲ," ಎಂದಳು ಉಮ್ಸುನಾಯ್. "ಎಂಟು ಹೆತ್ತವರ ಹತ್ರ ಹೋಗಿ."

"ಎಂಟು ಹೆತ್ತವರು ಬೀದೀಲಿ ನಾಲ್ಕು ಜನ ಇದಾರೆ. ಸತ್ತು ಬಂದವಳು ನೀನೊಬ್ಳೇ."

"ನಾನು ಸಾಯ್ಲಿಲ್ಲ ಅಕ್ಕಾ. ಡಾಕ್ಟ್ರು ಕೊಯ್ದ್ರು, ಔಷಧ ಹತ್ತಿಸಿದ್ರು. ಹೇಳಿ ಹೇಳಿ ನನ್ನ ಬಾಯಿ ಒಣಗಿದೆ."

"ಆ ಡಾಕ್ಟ್ರು ಬೇರೆಯವರಿಗೂ ಕೊಯ್ದಿದಾರೆ. ಅವರೆಲ್ಲ ಬಂದ್ರಾ? ನೀ ಬಂದೆ."

ಬಿಷ್ಕೆಕ್‌ನ ವಾರ್ಡಿನಲ್ಲಿ ಉಮ್ಸುನಾಯಳೊಡನೆ ಇದ್ದ ಆರು ಹೆಂಗಸರಲ್ಲಿ ನಾಲ್ವರು ಬಂದಿರಲಿಲ್ಲ.

"ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ನಿಮ್ಮ ಬಾಗಿಲಿಗೆ ಎಷ್ಟು ಸಲ ಬಂದಿಲ್ಲ ನಾನು. ಆಗ ಕೇಳ್ಲಿಲ್ಲ. ಈಗ ತವುಡಿನ ಮಾತು ತಗೊಂಡು ಬಂದ್ರಿ."

"ನೀನು ಬಂದಿದ್ದೆ, ಹೌದು. ರೊಟ್ಟಿ ಕೊಟ್ಟಿದೀನಿ." ತಾಜಿಬೂಬು ತಲೆವಸ್ತ್ರದ ಅಂಚನ್ನು ಸರಿಮಾಡಿಕೊಂಡಳು. "ನನ್ನ ಸೊಸೆ ಏನೂ ತಪ್ಪು ಮಾಡೋಳಲ್ಲ. ವಿಟಮಿನ್ ಮಾತ್ರೆ ಎಂಟು ಗಂಟೆಗೆ ಅಂದ್ರೆ ಎಂಟೇ ಗಂಟೆಗೆ ನುಂಗ್ತಾಳೆ. ಆದ್ರೂ ನನಗೆ ಭಯ ಕಣೇ."

ಉಮ್ಸುನಾಯ್ ಕೆಟಲನ್ನು ಒಲೆಯ ಮೇಲಿಟ್ಟು, ಬೆನ್ನು ತಿರುಗಿಸಿಕೊಂಡೇ ನಿಂತಳು. ಹದಿನಾಲ್ಕು ವರ್ಷ ಯಾವ ಮಾತುಗಳ ಮೇಲೆ ಉಗಿಯುತ್ತ ಬಂದಿದ್ದಳೋ ಅಂಥ ಮಾತು ಆಕೆಯ ಬಾಯಿಂದಲೇ ಹೊರಟಿತು.

"ನಲವತ್ತು ದಿನ."

"ಮೂರು ದಿನ ಅಲ್ವಾ?"

"ಮೂರು ದಿನದಲ್ಲಿ ಸಾವಿಗೆ ಏನು ಮರೆಯುತ್ತೆ? ನಲವತ್ತು. ಅಷ್ಟು ದಿನ ಅನಾರಾ ಒಂದು ಹನಿ ಹಾಲನ್ನೂ ಕೊಡೋ ಹಾಗಿಲ್ಲ."

"ಇದ್ಯಾವ ಪದ್ಧತಿ? ನಮ್ಮಜ್ಜಿ ಹನ್ನೊಂದು ಕೂಸು ಮಾರಿ ಕೊಂಡ್ಕೊಂಡಿದ್ಲು, ಹೀಗಂತ ಹೇಳ್ಲಿಲ್ಲ."

"ನಿಮ್ಮಜ್ಜಿ ಸತ್ತು ಬಂದಿದ್ರಾ? ಮಾರಿದ ಮೇಲೆ ಕೂಸು ನಂದು. ನನ್ನ ಕೂಸಿಗೆ ಬೇರೆಯವರ ಹಾಲು ಯಾಕೆ? ಹಾಲಿನ ಜಾಡು ಹಿಡ್ಕೊಂಡು ತಾನೇ ಸಾವು ತಾಯಿ ಮನೇಗೆ ಬರೋದು."

ತಾಜಿಬೂಬುವಿನ ಕಣ್ಣು ಆಕೆಯ ಎದೆಯ ಎಡಭಾಗಕ್ಕೆ ಹೋಗಿ, ಸರಿದು ಬಂತು. "ನೀನು ಏನು ಕುಡಿಸ್ತೀಯ?"

"ಡಬ್ಬಿ ಹಾಲು. ನಾನೇ ತರ್ತೀನಿ."

ಮುದುಕಿ ಬಹಳ ಹೊತ್ತು ಆಕೆಯನ್ನೇ ನೋಡಿದಳು. "ನಲವತ್ತಾದ್ರೆ ನಲವತ್ತು," ಎಂದು ಎದ್ದಳು. ಆ ದಿನವೂ ರೊಟ್ಟಿಯನ್ನು ಮುಟ್ಟಲಿಲ್ಲ.

ಗಂಡುಮಗು ಹುಟ್ಟಿತು. ಹೆರಿಗೆ ಆಸ್ಪತ್ರೆಯೊಳಕ್ಕೆ ಅತ್ತೆಯರಿಗೆ ಪ್ರವೇಶವಿಲ್ಲದ ಕಾರಣ ಮೊದಲ ಮೂರು ದಿನ ಹೇಗೋ ಕಳೆದವು. ನಾಲ್ಕನೆಯ ದಿನ ತಾಜಿಬೂಬು ತನ್ನ ಮನೆಯ ನೆಲಮಹಡಿಯ ಕಿಟಕಿಯಿಂದ ಕಂಬಳಿಯ ಗಂಟನ್ನು ಹೊರಕ್ಕೆ ಚಾಚಿದಳು. ಹಿಮದಲ್ಲಿ ನಿಂತಿದ್ದ ಉಮ್ಸುನಾಯ್ ಹಿಡಿ ತವುಡು ಕೊಟ್ಟು, ಗಂಟನ್ನು ಕೋಟಿನೊಳಗೆ ಇಟ್ಟುಕೊಂಡು, ಐವತ್ನಾಲ್ಕನೆಯ ವಯಸ್ಸಿನಲ್ಲಿ ನಾಲ್ಕು ಮಹಡಿ ಹತ್ತಿದಳು.

ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಔಷಧ. ಮಗು ಅರ್ಧವನ್ನು ಉಗುಳುತ್ತಿತ್ತು; ಉಗುಳಿದ್ದು ಎಷ್ಟು, ನುಂಗಿದ್ದು ಎಷ್ಟು ಎಂದು ವೈದ್ಯೆಗೆ ಫೋನು ಮಾಡಿದರೆ, "ಅಂದಾಜು ಮಾಡ್ಕೊಳ್ಳಿ" ಎಂಬ ಉತ್ತರ ಬರುತ್ತಿತ್ತು. ತಾಜಿಬೂಬು ದಿನವೂ ಬಂದಳು. ಮಾರಿದ ಕೂಸನ್ನು ಹೊಗಳುವಂತಿಲ್ಲ, ತನ್ನದೆನ್ನುವಂತಿಲ್ಲ. ಆಕೆ ಬಾಗಿಲಲ್ಲಿಯೇ ಶುರುಮಾಡುತ್ತಿದ್ದಳು.

"ಎಂಥ ಕೊಳಕು ಕೂಸೇ ನಿಂದು. ಕಿವಿ ನೋಡು, ಆಡಿನ ಕಿವಿ."

"ಬೇಡದಿದ್ರೆ ಕೊಳ್ಳಬೇಡಿ. ಬಜಾರಿಗೆ ಒಯ್ತೀನಿ."

"ಯಾರು ತಗೋತಾರೆ ಇದನ್ನ? ತೊಡೆ ನೋಡು, ಸೌದೆ ಇದ್ದ ಹಾಗಿದೆ." ಹೀಗೆನ್ನುತ್ತ ಆ ತೊಡೆಯ ಮೇಲೆ ಕಂಬಳಿಯನ್ನು ಎಳೆದು ಹೊದಿಸುತ್ತಿದ್ದಳು. "ಅದೇನು ಆ ಸೀಸೆಯಲ್ಲಿ?"

"ಸಬ್ಬಸಿಗೆ ನೀರು. ಹೊಟ್ಟೆ ಉಬ್ಬರಕ್ಕೆ."

"ಸಬ್ಬಸಿಗೆ ವಾಸನೆ ಬರ್ತಿಲ್ವಲ್ಲ."

"ನೆಗಡಿ ಆಗಿರ್ಬೇಕು ನಿಮಗೆ."

ಒಂದೊಂದು ಸುಳ್ಳಿಗೂ ಉಮ್ಸುನಾಯಳ ಸಿಟ್ಟು ಒಂದೊಂದು ಮೆಟ್ಟಿಲು ಏರುತ್ತಿತ್ತು. ಸಿಟ್ಟು ಮುದುಕಿಯ ಮೇಲೋ ತನ್ನ ಮೇಲೋ ಲಾರಿಯ ಕೆಳಗಿನಿಂದ ಹೊರಬಾರದ ತಾಲಾಯನ ಮೇಲೋ ಎಂಬುದು ಆಕೆಗೆ ಸ್ಪಷ್ಟವಿರಲಿಲ್ಲ.

ಏಳನೆಯ ದಿನ ಅನಾರಾ ಬಂದಳು. ಎದೆ ಕಲ್ಲಿನಂತಾಗಿ, ಅಂಗಿಯ ಮೇಲೆ ಎರಡು ಒದ್ದೆ ಗುರುತು ಮೂಡಿದ್ದವು. ಮಗು ಅತ್ತಾಗ ಆ ಗುರುತುಗಳು ದೊಡ್ಡದಾದವು. ಉಮ್ಸುನಾಯ್ ಹಳೆಯ ಹಾಸುವಸ್ತ್ರವನ್ನು ಸೀಳಿ, ಮೊಣಕಾಲನ್ನು ಅವಳ ಬೆನ್ನಿಗೊತ್ತಿ, ಬಿಗಿಯಾಗಿ ಕಟ್ಟಿದಳು.

"ನಿಮಗೆ ನೋವಾಗಿತ್ತಾ ಅಕ್ಕಾ?"

"ತೆಗೆದಾಗ ಅಷ್ಟಿಲ್ಲ. ಆಮೇಲೆ ಇಲ್ಲದೇ ಇರೋದು ತುರಿಸ್ತಿತ್ತು. ಕೆರೆಯೋಣ ಅಂದ್ರೆ ಅಲ್ಲೇನೂ ಇಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ ನನಗೆ. ಉಸಿರು ಬಿಡು."

ಅನಾರಾ ಉಸಿರು ಬಿಟ್ಟು, ಕಟ್ಟಿನ ಮೇಲೆಯೇ ಮಗುವನ್ನು ಒತ್ತಿಕೊಂಡು ಕುಳಿತಳು.

ಮೂವತ್ತೇಳನೆಯ ದಿನ ವೈದ್ಯೆಯ ಫೋನು ಬಂತು. ಹಿಂದಿನ ವಾರ ತೆಗೆದ ಮಗುವಿನ ರಕ್ತದಲ್ಲಿ ವೈರಸ್ ಇಲ್ಲ; ಇನ್ನೂ ಎರಡು ಸಲ ನೋಡಬೇಕು, ಆದರೆ ಇಲ್ಲ. "ಇಷ್ಟಕ್ಕೆ ಔಷಧಾನ ಇಷ್ಟೊಂದು ಉಗುಳಿದ್ಯಲ್ಲೋ," ಎಂದು ಉಮ್ಸುನಾಯ್ ಮಗುವನ್ನು ಬೈದಳು.

ನಲವತ್ತು ತುಂಬಿದ ದಿನ ಕೂಸು ಅದೇ ಕಿಟಕಿಯಿಂದ, ಅದೇ ಹಿಡಿ ತವುಡಿಗೆ ಒಳಹೋಯಿತು. ಕೊಂಡು ತಂದ ಕೂಸು ಎಂಬ ಅರ್ಥದಲ್ಲಿ ಸಾತಿಬಾಲ್ದಿ ಎಂದು ಹೆಸರಿಟ್ಟರು. ಕುರಿ ಕಡಿದಿದ್ದರು. ಉಮ್ಸುನಾಯಳನ್ನು ಬಾಗಿಲಿಗೆ ಎದುರಾದ ಮೇಲುಸ್ಥಾನದಲ್ಲಿ ಕೂರಿಸಿ, ಹಿರಿಯ ಹೆಂಗಸಿಗೆ ಸಲ್ಲುವ ಬಾಲದ ಮೂಳೆಯ ಮಾಂಸವನ್ನು ಮುಂದಿಟ್ಟರು. ಆರು ವರ್ಷ ಆಕೆಗೆ ರೊಟ್ಟಿ ಕೊಡದ ಕೈಗಳೆಲ್ಲ ಈಗ ಎಣ್ಣೆಯಲ್ಲಿ ಕರಿದ ಬೊರ್ಸೊಕ್ ರೊಟ್ಟಿಯ ತಟ್ಟೆಯನ್ನು ಆಕೆಯ ಕಡೆಗೆ ನೂಕುತ್ತಿದ್ದವು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕೂಸಿನ ಅಳು ಕೇಳಿತು. ಅದು ಸಾತಿಬಾಲ್ದಿಯ ಅಳುವಾಗಿರಲಿಲ್ಲ; ಅವನ ಅಳು ಆಕೆಗೆ ಗೊತ್ತಿತ್ತು.

"ಅದ್ಯಾರ ಕೂಸು?"

"ನಮ್ಮದು," ಎಂದಳು ಪಕ್ಕದ ಮನೆಯ ಬುರ್ಮಾ, ಹೆಮ್ಮೆಯಿಂದ. "ಒಂಬತ್ತು ದಿನದ್ದು. ಬೆಳಿಗ್ಗೆಯಿಂದ ಸೊಸೆ ಎದೆ ಕಟ್ಟಿದೀವಿ. ಸಕ್ಕರೆ ನೀರು ಕೊಡ್ತಿದೀವಿ. ನಲವತ್ತು ದಿನ ತಾಯಿ ಹಾಲಿಲ್ಲ."

"ಯಾರು ಹೇಳಿದ್ದು?"

"ತಾಜಿಬೂಬು ಹೇಳಿದ್ಲು. ನಿಂದೇ ಪದ್ಧತಿ ಅಂತೆ. ಕೆಳಗಿನ ಬೀದೀಲೂ ಇಬ್ರು ಕಟ್ತಾರಂತೆ."

ತಾಜಿಬೂಬು ಸಾರಿನ ಬಟ್ಟಲುಗಳನ್ನು ಹಂಚುತ್ತಿದ್ದಳು, ತಲೆಯೆತ್ತಲಿಲ್ಲ.

ಪರೀಕ್ಷೆಗೆ ಬನ್ನಿ ಎಂದು ಹದಿನಾಲ್ಕು ವರ್ಷ ಗಂಟಲು ಹರಿದುಕೊಂಡಾಗ ಅಲ್ಲಾಡದ ಬೀದಿ, ಕೆಟಲಿನ ಮುಂದೆ ಕಟ್ಟಿದ ಒಂದು ಸುಳ್ಳಿಗೆ ಎರಡೇ ತಿಂಗಳಲ್ಲಿ ಎದೆ ಕಟ್ಟಿಕೊಂಡಿತ್ತು. ಉಮ್ಸುನಾಯ್ ಮಾಂಸದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಬುರ್ಮಾ, ಇದು ಎಲ್ಲರಿಗೂ ಅಲ್ಲ. ಕೂಸು ಕಳ್ಕೊಂಡ ಮನೇಗೆ ಮಾತ್ರ."

"ಅಂದ್ರೆ ಕಳ್ಕೊಳ್ಳೋ ತನಕ ಕಾಯ್ಬೇಕಾ ನಾವು?"

"ನಿನ್ನ ಸೊಸೆ ಹಾಲು ಒಳ್ಳೇದು ಕಣೇ. ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ. ಕೊಡಲಿ."

"ನನ್ನ ಸೊಸೆದು ಒಳ್ಳೇದು." ಬುರ್ಮಾ ಮೂಳೆಯನ್ನು ಕೆಳಗಿಟ್ಟಳು. ಅವಳು ಕೆಟ್ಟವಳಲ್ಲ, ಲೆಕ್ಕ ಬಿಡದವಳು. "ಹಾಗಾದ್ರೆ ಅನಾರಾ ಹಾಲಲ್ಲಿ ಏನಿತ್ತು?"

ಹೆಂಗಸರ ಮುಖಗಳೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಅನಾರಾ ಕೈತೊಳೆಯುವ ನೀರಿನ ಹೂಜಿ ಹಿಡಿದು ಅಲ್ಲಿ ನಿಂತಿದ್ದಳು.

"ಹೇಳ್ತೀನಿ," ಎಂದಳು ಉಮ್ಸುನಾಯ್. "ಕೈ ಎಣ್ಣೆ ಆಗಿದೆ. ತೊಳ್ಕೊಂಡು ಹೇಳ್ತೀನಿ. ನೀರು ಹಾಕು ಬಾ."

ಅನಾರಾ ಬಂದು ಬಗ್ಗಿ ನೀರು ಸುರಿದಳು. ಉಮ್ಸುನಾಯ್ ಬೋಗುಣಿಯ ಮೇಲೆ ಬಾಗಿ, ತುಟಿಯಲ್ಲಿಯೇ ಕೇಳಿದಳು, "ಬತ್ತಿದೆಯಾ?"

"ಹತ್ತು ದಿನ ಆಯ್ತು. ಒಂದು ಹನೀನೂ ಇಲ್ಲ."

"ಸರಿ. ಟವೆಲ್ ಕೊಡು."

ಆಕೆ ಕೈಗಳನ್ನು ಬೆರಳು ಬೆರಳಾಗಿ ಒರೆಸಿಕೊಂಡು ಎದ್ದು ನಿಂತಳು.

"ಅನಾರಾ ಹಾಲಲ್ಲಿ ಏನೂ ಇರ್ಲಿಲ್ಲ. ನನಗೇ ಹಾಲಿರ್ಲಿಲ್ಲ, ಕೂಸೂ ಇರ್ಲಿಲ್ಲ. ಮೂರು ದಿನಕ್ಕೆ ಅಂತ ಕೊಟ್ರು. ವಾಪಸ್ಸು ಕೊಡೋಕೆ ಮನಸ್ಸಾಗ್ಲಿಲ್ಲ. ಅವಳ ಎದೆಗೆ ಹೋದ್ರೆ ಮತ್ತೆ ನನ್ನ ಹತ್ರ ಬರಲ್ಲ ಅಂತ ಹೊಟ್ಟೆ ಉರೀತು. ಅದಕ್ಕೆ ನಲವತ್ತು ಅಂದೆ, ಹಾಲು ಬೇಡ ಅಂದೆ. ಅಂಥ ಪದ್ಧತಿ ಯಾವ ಕಾಲದಲ್ಲೂ ಇಲ್ಲ. ನಾನು ಕಟ್ಟಿದ್ದು."

ಇದರಲ್ಲಿ ಸುಳ್ಳಿನ ಪಾಲು ಎಷ್ಟೆಂದು ಎಣಿಸುವ ವ್ಯವಧಾನ ಆಕೆಗಿರಲಿಲ್ಲ. ಒಂಬತ್ತು ದಿನದ ಕೂಸು ಇನ್ನೂ ಅಳುತ್ತಿತ್ತು.

"ಬುರ್ಮಾ, ಹೋಗಿ ಆ ಹುಡುಗಿ ಕಟ್ಟು ಬಿಚ್ಚು. ಈಗ್ಲೇ. ಕೆಳಗಿನ ಬೀದಿಗೂ ಹೇಳಿಕಳಿಸು."

ಬುರ್ಮಾ ಎದ್ದು ಓಡಿದಳು. ಉಳಿದವರು ತಮ್ಮ ತಮ್ಮ ಬಟ್ಟಲುಗಳನ್ನು ನೋಡುತ್ತ ಕುಳಿತರು. ಒಬ್ಬಳು ಪಕ್ಕದವಳಿಗೆ, "ಬಂಜೆ ಕೈಗೆ ಕೊಟ್ಟಿದ್ದೇ ತಪ್ಪು," ಎಂದಳು, ಬಹಳ ಮೆಲ್ಲಗೇನೂ ಅಲ್ಲ. ನಾಲ್ಕನೆಯ ಕಥೆ ಆ ಕ್ಷಣದಲ್ಲಿ ನಡೆಯಲು ಕಲಿಯಿತು. ಪಕ್ಕದ ಕೋಣೆಯಲ್ಲಿ ಅಳು ನಿಂತು ಚೀಪುವ ಸದ್ದು ಕೇಳಿದ ಮೇಲೆ ಉಮ್ಸುನಾಯ್ ಕೋಟು ಹಾಕಿಕೊಂಡು ಹೊರಟಳು. ಬಾಲದ ಮೂಳೆ ತಟ್ಟೆಯಲ್ಲಿಯೇ ಉಳಿಯಿತು.

ಹೊರಬಾಗಿಲ ಬಳಿ, ಬೂಟುಗಳ ರಾಶಿಯ ನಡುವೆ, ತಾಜಿಬೂಬು ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಕೈಯಲ್ಲಿ ರೊಟ್ಟಿಯಿತ್ತು.

"ಡಬ್ಬಿ ಹಾಲು ಇನ್ನು ಹನ್ನೆರಡು ದಿನಕ್ಕಾಗುತ್ತೆ," ಎಂದಳು ತಗ್ಗಿದ ದನಿಯಲ್ಲಿ. "ಆಮೇಲೆ?"

"ತರ್ತೀನಿ."

"ಆ ಸಬ್ಬಸಿಗೆ ನೀರು?"

"ಅದು ಮುಗೀತು. ಇನ್ನು ಬೇಡ."

"ಸೊಸೆ ವಿಟಮಿನ್ನು? ಅದು ಮುಗಿಯೋ ಹಾಗಿಲ್ಲ ಅಲ್ವಾ?"

ಉಮ್ಸುನಾಯ್ ಒಂದು ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಳು. "ಯಾವಾಗಿಂದ ಗೊತ್ತು ನಿಮಗೆ?"

"ನಾನು ಮೂವತ್ತು ವರ್ಷ ಡಬ್ಬಿ ಮೇಲಿನ ಚೀಟಿ ಓದಿ ಅಡುಗೆ ಮಾಡಿದವಳು. ಡಬ್ಬಿಯೊಳಗೆ ಬೇರೆ ಮಾತ್ರೆ ಇದ್ರೆ ಗೊತ್ತಾಗಲ್ವಾ? ನೀನು ನಲವತ್ತು ಅಂದಾಗ, ಹಾಲು ಬೇಡ ಅಂದಾಗ ಖಾತ್ರಿ ಆಯ್ತು."

"ಗೊತ್ತಿದ್ದೂ ಬೀದಿಗೆಲ್ಲ ಯಾಕೆ ಸಾರಿದ್ರಿ? ಹಾಲಿರೋ ತಾಯಂದಿರ ಎದೆ ಕಟ್ಟಿಸಿದ್ರಲ್ಲ."

"ನಾಲ್ಕು ಮನೇಲಿ ಕಟ್ಟಿದ್ರೆ ನಮ್ಮ ಮನೇದು ಯಾರ ಕಣ್ಣಿಗೂ ಬೀಳಲ್ಲ ಅಂದ್ಕೊಂಡೆ."

ನಲವತ್ತು ದಿನ ಒಂದೇ ತೊಟ್ಟಿಲಿನ ಆಚೆಗೊಬ್ಬಳು ಈಚೆಗೊಬ್ಬಳು ಕುಳಿತು, ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟು, ಇಡೀ ಬೀದಿಯ ಕೂಸುಗಳನ್ನು ಹಸಿವಿಗೆ ಕೂರಿಸಲು ಹೊರಟಿದ್ದರು.

"ಒಂದು ಮಾತು ಮೊದಲೇ ಹೇಳಿದ್ರೆ ಏನಾಗ್ತಿತ್ತು ಅಕ್ಕಾ? ಒಂದೇ ಒಂದು ಮಾತು."

"ನೀನು ಹೇಳಿದ್ಯಾ?"

"ನಾನು ಹೇಳೋ ಹಾಗಿರ್ಲಿಲ್ಲ. ಅದು ಅವಳ ಗುಟ್ಟು."

"ನನಗೂ ಅದೇ. ಅವಳಾಗಿ ಹೇಳ್ತಾಳೆ ಅಂತ ಕಾದೆ." ತಾಜಿಬೂಬು ರೊಟ್ಟಿಯ ಒಂದು ಚೂರನ್ನು ಮುರಿದು ಮೊದಲು ತನ್ನ ಬಾಯಿಗೆ ಹಾಕಿಕೊಂಡಳು. ಉಳಿದುದನ್ನು ಉಮ್ಸುನಾಯಳ ಕಡೆ ಚಾಚಿದಳು. "ಅವಳನ್ನ ಎಲ್ಲಿಗೂ ಕಳಿಸಲ್ಲ. ಹೇಳ್ಬೇಡ ಅವಳಿಗೆ ನನಗೆ ಗೊತ್ತು ಅಂತ. ಇನ್ನೂ ಸ್ವಲ್ಪ ದಿನ ಕಾಯ್ತೀನಿ."

"ಮತ್ತೆ ಶುರು," ಎಂದಳು ಉಮ್ಸುನಾಯ್. ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಎರಡನೆಯ ಬೂಟಿನೊಳಗೆ ಕಾಲು ತೂರಿಸಿದಳು. "ನಾಳೆ ಹತ್ತು ಗಂಟೆಗೆ ಕೇಂದ್ರಕ್ಕೆ ಬನ್ನಿ. ಅವಳೂ ಅಷ್ಟೊತ್ತಿಗೇ ಬರ್ತಾಳೆ. ಒಂದೇ ಬೆಂಚಿನ ಮೇಲೆ ಕೂರಿಸ್ತೀನಿ ಇಬ್ಬರನ್ನೂ. ಯಾರು ಮೊದಲು ಬಾಯಿ ಬಿಡ್ತೀರೋ ನೋಡ್ತೀನಿ."

"ಮೊದಲು ಬಾಯಲ್ಲಿರೋದನ್ನ ನುಂಗು," ಎಂದು ತಾಜಿಬೂಬು ಬಾಗಿಲು ತೆರೆದಳು.